ಉಮ್ಮರ್ ಕುಂಞಿ ಅಳಿಸಿದ ಆಕಾಶ

ಉಮ್ಮರ್ ಕುಂಞಿ ಕುವೈಟಿನಲ್ಲಿ ಹತ್ತಿರಹತ್ತಿರ ಮೂವತ್ತು ವರ್ಷ ಇದ್ದ. ಅಷ್ಟು ವರ್ಷಗಳಲ್ಲಿ ಕುವೈಟ್ ಟವರ್ಸ್‌ನ ಒಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಫಹಾಹೀಲಿನ ಕಡಲ ದಂಡೆಗೆ ಹೋದದ್ದು ಎರಡೇ ಸಲ, ಅದೂ ಊರಿನವರ ಈದ್ ಪಿಕ್ನಿಕ್ಕಿಗೆ ಬಿರಿಯಾನಿಯ ಪಾತ್ರೆ ಹೊರಲಿಕ್ಕೆ. ಆದರೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಹನ್ನೊಂದು ಸಾವಿರ ಅಡಿ ಎತ್ತರದ ಬೆಟ್ಟಗಳ ನಡುವೆ ಕುಸ್ಕೊ ಎಂಬ ಹಳೆಯ ಪಟ್ಟಣವಿದೆಯಲ್ಲ, ಅದರ ದೊಡ್ಡ ಚೌಕದ ಇಗರ್ಜಿಗೆ ಎಷ್ಟು ಗೋಪುರ, ಸಂತೆಯಲ್ಲಿ ಬಟಾಟೆ ಯಾವ ಯಾವ ಬಣ್ಣದ್ದು, ಬೆಟ್ಟದ ಮೇಲಿನ ಕೋಟೆಯ ಕಲ್ಲು ಆಳಿಗಿಂತ ಎಷ್ಟು ಎತ್ತರ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಿದ್ದ. ಪೆರುವಿಗೆ ಅವನು ಹೋದವನಲ್ಲ. ಅವನ ಪಾಸ್‌ಪೋರ್ಟಿನಲ್ಲಿ ಕುವೈಟಿನ ಇಕಾಮಾ, ಎಂದರೆ ವಾಸದ ಪರವಾನಗಿ, ಬಿಟ್ಟರೆ ಬೇರೆ ದೇಶದ ಒಂದು ವೀಸಾವೂ ಇರಲಿಲ್ಲ.

ಇದು ಹೇಗಾಯಿತೆಂದು ಹೇಳಬೇಕಾದರೆ ಮೊದಲು ಅವನ ಕಣ್ಣಿನ ವಿಷಯ ಹೇಳಬೇಕು. ಆ ಕಣ್ಣಿನ ಬಗ್ಗೆ ಅವನಿಗೆ ವಿಪರೀತ ಅಭಿಮಾನ.

ಮಂಗಳೂರಿನ ಸ್ಟುಡಿಯೊವೊಂದರ ಕತ್ತಲೆ ಕೋಣೆಯಲ್ಲಿ ಕಪ್ಪುಬಿಳುಪು ಫೋಟೊ ತೊಳೆಯುತ್ತಿದ್ದ ಈ ಬ್ಯಾರಿ ಹುಡುಗ ಎಂಬತ್ತಮೂರರಲ್ಲಿ ಕುವೈಟಿಗೆ ಬಂದು ಹವಲ್ಲಿಯ ಫೋಟೊ ಅಂಗಡಿಯೊಂದಕ್ಕೆ ಸೇರಿದ. ತೊಂಬತ್ತರ ಯುದ್ಧದಲ್ಲಿ ಎಲ್ಲರಂತೆ ಒಂದು ಚೀಲ ಹಿಡಿದು, ಜೋರ್ಡಾನಿನ ಮರಳಿನಲ್ಲಿ ಹತ್ತು ದಿನ ಬಿದ್ದಿದ್ದು, ಊರು ಮುಟ್ಟಿದ. ಎರಡು ವರ್ಷದ ಮೇಲೆ, ಮೊದಲು ವೀಸಾ ಕೊಟ್ಟಿದ್ದ ಅದೇ ಕಫೀಲ್ ಮತ್ತೆ ಕರೆಸಿಕೊಂಡಾಗ ಹಳೆಯ ಯಂತ್ರ ಲೂಟಿಯಾಗಿ ಹೋಗಿ ಅಂಗಡಿಗೆ ಹೊಸದು ಬಂದಿತ್ತು. ಗೋಡೆಯಷ್ಟು ಅಗಲದ ಆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತವನು ಇಪ್ಪತ್ತು ವರ್ಷ ಏಳಲಿಲ್ಲ.

ಕೈಯಲ್ಲೇ ಕ್ಯಾಮೆರಾ ಹಿಡಿದು ಹುಟ್ಟಿದ ಇವತ್ತಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಒಂದು ರೋಲಿನಲ್ಲಿ ಮೂವತ್ತಾರು ಚಿತ್ರ. ತೊಳೆದ ಫಿಲಮಿನಲ್ಲಿ ಬಣ್ಣಗಳೆಲ್ಲ ತಿರುಗುಮುರುಗು. ಮುಖ ಕಪ್ಪು, ಕೂದಲು ಬಿಳಿ, ಆಕಾಶ ಕಿತ್ತಳೆ. ಯಂತ್ರದ ಪುಟ್ಟ ಪರದೆಯಲ್ಲಿ ಒಂದೊಂದೇ ಚಿತ್ರ ಬರುವಾಗ ಕೂತವನು ನೋಡಿ, ಹಳದಿ ಸಾಲದು, ಕೆಂಪು ಹೆಚ್ಚಾಯಿತು, ಬೆಳಕು ಕಡಿಮೆ ಎಂದು ಗುಂಡಿ ಒತ್ತಿ ಸರಿಪಡಿಸಬೇಕು. ಒಂದು ಒತ್ತು ಎಂದರೆ ಒಂದು ಸ್ಟೆಪ್. ಉಮ್ಮರ್ ಕುಂಞಿಗೆ ಪರದೆಯೇ ಬೇಡ. ಫಿಲಮನ್ನು ಬೆಳಕಿಗೆ ಹಿಡಿದು ಹಾಗೆಯೇ ಓದುತ್ತಿದ್ದ. ತಲೆಕೆಳಗಾದ ಬಣ್ಣಗಳು ಅವನ ಕಣ್ಣಿನಲ್ಲಿ ತಾವಾಗಿ ನೆಟ್ಟಗಾಗುತ್ತಿದ್ದವು. ಹವಲ್ಲಿಯಿಂದ ಮಿರ್ಕಾಬಿನವರೆಗೆ ಇಂಥ ಕಣ್ಣು ಇನ್ನೊಂದಿಲ್ಲ ಎಂದು ಹೇಳುವವರಿದ್ದರು. ಹೇಳುವವರಲ್ಲಿ ಅವನೇ ಮೊದಲಿಗ.

ಕೌಂಟರಿನಲ್ಲಿ ಕೂರುತ್ತಿದ್ದವನು ಬಜಪೆ ಕಡೆಯ ಸೈಮನ್. ರೋಲು ತೆಗೆದುಕೊಳ್ಳುವುದು, ರಶೀದಿ ಕೊಡುವುದು, ಪಾಸ್‌ಪೋರ್ಟ್ ಫೋಟೊಗೆ ಗಿರಾಕಿಗಳ ಗದ್ದ ಎತ್ತಿ ಇಳಿಸುವುದು ಅವನ ಕೆಲಸ. ಗೆಳೆಯನನ್ನು ಕೆಣಕುವುದು ಸಂಬಳವಿಲ್ಲದ ಕೆಲಸ.

“ಕುಂಞಿ, ನಿನ್ನ ಕಣ್ಣಿಗೆ ಒಂದು ಇನ್ಶೂರೆನ್ಸ್ ಮಾಡಿಸು ಮಾರಾಯ. ನಾಳೆ ಅದು ತಪ್ಪು ನೋಡಿದರೆ ನೀನು ಬದುಕುದಿಲ್ಲ.”

“ತಪ್ಪು ನೋಡ್ಲಿಕ್ಕೆ ಅದು ನಿನ್ನ ಕಣ್ಣಾ?” ಎನ್ನುತ್ತಿದ್ದ ಉಮ್ಮರ್ ಕುಂಞಿ.

ಈ ಕಣ್ಣಿಗೆ ಒಂದು ಗುಟ್ಟೂ ಇತ್ತು. ಅವನ ಹೆಂಡತಿ ಆಚುಮ್ಮ ಊರಿನಲ್ಲಿ. ಹೆಂಡತಿಗೆ ವೀಸಾ ಮಾಡಿಸುವಷ್ಟು ದೊಡ್ಡ ಸಂಬಳ ಅವನಿಗೆ ಬರಲೇ ಇಲ್ಲ. ರಜೆಯಿಂದ ಬರುವವರ ಕೈಯಲ್ಲಿ ಮನೆಯವರು ತೊಳೆಯದ ರೋಲು ಕಳಿಸುತ್ತಿದ್ದರು. ಅದನ್ನು ಅವನೇ ತೊಳೆದು, ಆಚುಮ್ಮನ ಮುಖ ಬಂದಾಗ ಬೆಳಕಿನ ಗುಂಡಿಯನ್ನು ಒಂದು ಸ್ಟೆಪ್ ಹೆಚ್ಚು ಒತ್ತುತ್ತಿದ್ದ. ಮರುವರ್ಷ ಇನ್ನೊಂದು. ಹೀಗಾಗಿ ಕುವೈಟಿನ ಆಚುಮ್ಮ ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತ, ಚಿಕ್ಕವಳಾಗುತ್ತ ಬಂದಳು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋದಾಗ ಬಾಗಿಲಲ್ಲಿ ನಿಂತ ಹೆಂಗಸು ಯಾರೋ ಅಕ್ಕನೆಂಬಂತೆ ಕಂಡು ಒಂದು ಗಳಿಗೆ ಅವನಿಗೆ ಕಸಿವಿಸಿಯಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ತೊಂಬತ್ತೇಳರ ಸೆಪ್ಟೆಂಬರಿನಲ್ಲಿ, ಕುವೈಟಿಗಳೆಲ್ಲ ಬೇಸಗೆಯ ಪ್ರವಾಸ ಮುಗಿಸಿ ಬಂದು ಅಂಗಡಿಯ ತುಂಬ ರೋಲುಗಳು ರಾಶಿ ಬಿದ್ದಿದ್ದಾಗ, ಆ ಒಂದು ರೋಲೂ ಬಂತು. ಎಲ್ಲರದ್ದೂ ಲಂಡನ್ನು, ಕೈರೊ. ಇದು ಮಾತ್ರ ಎಲ್ಲಿಯದೆಂದು ತಿಳಿಯಲಿಲ್ಲ. ಹಂಚಿನ ಮಾಡುಗಳು, ಕಂದು ಬೆಟ್ಟ, ದೊಡ್ಡ ದೊಡ್ಡ ಕಲ್ಲುಗೋಡೆ. ಕಪ್ಪು ಕೋಟಿನ ಮೇಲೆ ಕೆಂಪು ಶಾಲು ಹೊದ್ದ ಒಬ್ಬ ಕುವೈಟಿ ಹೆಂಗಸು, ಅವರ ತುಟಿ ಚಳಿಗೆ ನೀಲಿ. ಮತ್ತೆ ಆಕಾಶ. ಆಕಾಶವೋ, ಶಾಯಿಯ ಬಾಟಲಿ ಚೆಲ್ಲಿದ ಹಾಗೆ ಕಡುನೀಲಿ.

ಉಮ್ಮರ್ ಕುಂಞಿ ನಾಲಿಗೆ ಲೊಚಗುಟ್ಟಿದ. “ಫಿಲಂ ಕೆಟ್ಟಿದೆ. ಏರ್‌ಪೋರ್ಟಿನ ಎಕ್ಸ್‌ರೇ ತಾಗಿದ್ದು. ಪಾಪ, ಸರಿ ಮಾಡಿ ಕೊಡುವ.”

ಅವನ ತಪ್ಪೇನು ಹೇಳಿ. ಹದಿನಾಲ್ಕು ವರ್ಷದಿಂದ ಅವನು ನೋಡಿದ್ದು ಧೂಳಿನಿಂದ ಬಿಳಿಚಿದ ಆಕಾಶ, ಬಿಸಿಲಿಗೆ ಬಣ್ಣ ಬಿಟ್ಟ ಆಕಾಶ. ಆಕಾಶವೆಂದರೆ ಹಳೆಯ ಬನಿಯನ್ನಿನ ಬಣ್ಣ ಎಂದು ಅವನ ಕಣ್ಣು ಒಪ್ಪಂದ ಮಾಡಿಕೊಂಡಾಗಿತ್ತು. ಮೂರು ಸ್ಟೆಪ್ ಹಳದಿ ಏರಿಸಿದ, ಎರಡು ಸ್ಟೆಪ್ ಬೆಳಕು ಕೊಟ್ಟ. ಆಕಾಶ ಹವಲ್ಲಿಯ ಆಕಾಶವಾಯಿತು. ತುಟಿಗಳಿಗೆ ರಕ್ತ ಬಂತು. ಸಂತೆಯ ಚಿತ್ರದಲ್ಲಿ ನೇರಳೆ ಬಣ್ಣದ ಬಟಾಟೆಗಳಿದ್ದವು. ನೇರಳೆ ಬಟಾಟೆ ಎಲ್ಲಾದರೂ ಉಂಟಾ ಎಂದು ಅವನ್ನೂ ಮಣ್ಣಿನ ಬಣ್ಣಕ್ಕೆ ತಂದ. ಮೂವತ್ತಾರನ್ನೂ ತಿದ್ದಿ ಮುಗಿಸಿ, ಕವರಿಗೆ ಹಾಕಿ, ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಚಿತ್ರಗಳನ್ನು ಒಯ್ದು ಎರಡು ದಿನ ಬಿಟ್ಟು ರೋಲಿನ ಧಣಿ ಮತ್ತೆ ಬಂದರು. ಅಬ್ದುಲ್ ಸಲಾಂ ಎಂಬ ಅರವತ್ತರ ಆಸುಪಾಸಿನ ಕುವೈಟಿ. ಹಳೆಯ ಕಾಲದ ಕುವೈಟಿಗಳ ಹಾಗೆ ಚಿಕ್ಕಂದಿನಲ್ಲಿ ತಂದೆಯ ಜೊತೆ ಬೊಂಬಾಯಿಯಲ್ಲಿ ಇದ್ದವರು; ಹಿಂದಿ ಸಲೀಸು. ಕವರನ್ನು ಕೌಂಟರಿನ ಮೇಲಿಟ್ಟು, ಒಂದು ಚಿತ್ರ ಹೊರಗೆಳೆದು, ಮೆಲ್ಲಗೆ ಕೇಳಿದರು.

“ಭಾಯಿ, ಇದು ಯಾರ ಆಕಾಶ?”

ಸೈಮನ್ ಒಳಗಿದ್ದವನನ್ನು ಕರೆದ. ಉಮ್ಮರ್ ಕುಂಞಿ ಬಂದು, ಫಿಲಂ ಕೆಟ್ಟ ಕಥೆಯನ್ನೂ ತಾನು ಅದನ್ನು ಬದುಕಿಸಿದ ಕಥೆಯನ್ನೂ ಹೆಮ್ಮೆಯಿಂದ ಹೇಳಿದ. ಅಬ್ದುಲ್ ಸಲಾಂ ಸಿಟ್ಟು ಮಾಡಲಿಲ್ಲ. ಕುರ್ಚಿ ಎಳೆದು ಕೂತರು. ಸಂಗತಿ ಹೇಳತೊಡಗಿದರು.

ಅವರ ಹೆಂಡತಿ ಸುಲೈಖಾ ಇದೇ ಹವಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದವರು. ಟೀಚರಿಗೆ ಇಲ್ಲಿ ‘ಅಬ್ಲಾ’ ಎನ್ನುತ್ತಾರೆ. ಈಗಲೂ ಅವರು ಎಲ್ಲರಿಗೂ ಸುಲೈಖಾ ಅಬ್ಲಾ. ಪ್ರತಿ ವರ್ಷ ಹಲಗೆಯ ಮೇಲೆ ದಕ್ಷಿಣ ಅಮೆರಿಕದ ನಕ್ಷೆ ಬರೆದು, ಬೆಟ್ಟಗಳ ಸಾಲನ್ನು ಕಂದು ಸೀಮೆಸುಣ್ಣದಲ್ಲಿ ಉಜ್ಜಿ, ಅಲ್ಲಿನ ಗಾಳಿ ತೆಳು, ಅದಕ್ಕೇ ಆಕಾಶ ಕಡುನೀಲಿ ಎಂದು ತಾವು ನೋಡದ ಆಕಾಶದ ಬಗ್ಗೆ ಪಾಠ ಹೇಳಿದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣೂ ಹೋಗುವ ಮೊದಲು ಅದೊಂದನ್ನು ನೋಡಬೇಕು ಎಂದರು. ಡಾಕ್ಟರಿಗೆ ಹೇಳದೆ, ಮಕ್ಕಳ ಮಾತು ಕೇಳದೆ, ಗಂಡಹೆಂಡತಿ ಹೊರಟೇಬಿಟ್ಟರು. ಕುಸ್ಕೊದಲ್ಲಿ ಮೂರು ದಿನ ಇರುವ ಯೋಚನೆ. ಅಬ್ಲಾ ಅವರ ಉಸಿರು ಒಂದೇ ದಿನಕ್ಕೆ ಒಪ್ಪಿತು.

“ಆ ಒಂದು ದಿನದ ರೋಲು ಇದು,” ಎಂದರು ಅಬ್ದುಲ್ ಸಲಾಂ. “ಮೊನ್ನೆ ಕಿಟಕಿಯ ಹತ್ತಿರ ಕೂತು ಮೂವತ್ತಾರನ್ನೂ ನೋಡಿದಳು. ಆಮೇಲೆ ಹೇಳಿದಳು, ಖಲಾಸ್, ಈ ಕಣ್ಣಿನಿಂದಲೂ ನೀಲಿ ಹೋಯಿತು ಅಂತ. ನಾನು ಹೇಳಿದೆ, ನನಗೂ ಹಾಗೇ ಕಾಣುತ್ತದೆ, ಫೋಟೊವೇ ಸರಿ ಇಲ್ಲ. ನಂಬುವುದಿಲ್ಲ. ಸಮಾಧಾನಕ್ಕೆ ಹೇಳುತ್ತಿ ಎನ್ನುತ್ತಾಳೆ. ಬರುವ ಶನಿವಾರ ಎಡಗಣ್ಣಿನ ಆಪರೇಷನ್. ಈಗ ಬೇಡ ಎನ್ನುತ್ತಾಳೆ. ಹೋದ ಕಣ್ಣಿಗೆ ಕತ್ತರಿ ಯಾಕೆ ಎನ್ನುತ್ತಾಳೆ. ಮಾಡಿಸದಿದ್ದರೆ ಇರುವುದೂ ಹೋಗುತ್ತದೆ, ಭಾಯಿ.”

ಯಂತ್ರ ಒಳಗೆ ಗುಂಯ್ಗುಡುತ್ತಿತ್ತು. ಸೈಮನ್ ತಡೆಯಲಾರದೆ ಕನ್ನಡದಲ್ಲಿ ಗೊಣಗಿದ. “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ನಮ್ಮ ಅಜ್ಜಿ ಹೇಳುದು. ಮೂರು ಸ್ಟೆಪ್ ಹಳದಿ ಅಲ್ವಾ, ನೀನು ಹಾಕಿದ್ದು?”

ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಅಂದು ಉಮ್ಮರ್ ಕುಂಞಿ, “ಪುನಃ ಪ್ರಿಂಟ್ ಮಾಡುವ. ಈಗಲೇ,” ಎಂದ.

ಆದರೆ ಹೇಳಿದಷ್ಟು ಸುಲಭವಲ್ಲ ಅದು. ಯಾವ ನೀಲಿ? ತಾನು ನೋಡದ ಊರಿನ ಬಣ್ಣ ತನ್ನ ಕಣ್ಣಿಗೆ ಹೇಗೆ ಗೊತ್ತಾಗಬೇಕು? ಜೀವಮಾನದಲ್ಲಿ ಮೊದಲ ಸಲ ಅವನು ಗಿರಾಕಿಯನ್ನು ಕೌಂಟರಿನ ಒಳಗೆ ಕರೆದು ತನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. “ಬಾಬಾ, ನೀವು ಹೇಳ್ತಾ ಹೋಗಿ. ಬೆಳಿಗ್ಗೆಯಿಂದ ಹೇಳಿ. ಯಾವ ಗೋಡೆ ಯಾವ ಬಣ್ಣ, ಬಿಸಿಲು ಎಲ್ಲಿಂದ ಬಿತ್ತು, ಎಲ್ಲ.”

ಆ ಮಧ್ಯಾಹ್ನ ಹವಲ್ಲಿಯ ಆ ಇಕ್ಕಟ್ಟಿನ ಕೋಣೆಯಲ್ಲಿ, ಫಿಲಂ ತೊಳೆಯುವ ಔಷಧದ ವಾಸನೆಯ ನಡುವೆ, ಉಮ್ಮರ್ ಕುಂಞಿ ಕುಸ್ಕೊ ನೋಡಲು ಹೊರಟ.

ಮೊದಲ ಆರು ಚಿತ್ರ ದೊಡ್ಡ ಚೌಕದ್ದು. ಬೆಳಿಗ್ಗೆ ಒಂಬತ್ತು ಗಂಟೆ, ಜುಲೈ ತಿಂಗಳ ಚಳಿ, ನೆರಳಿನಲ್ಲಿ ನಿಂತರೆ ಹಲ್ಲು ಕಡಿಯಬೇಕು, ಬಿಸಿಲಿಗೆ ಬಂದರೆ ಕೋಟು ಬಿಚ್ಚಬೇಕು. ಎರಡು ಗೋಪುರದ ಇಗರ್ಜಿ, ಅದರ ಕಲ್ಲು ಸುಟ್ಟ ಇಟ್ಟಿಗೆಯ ಕೆಂಪಲ್ಲ, ಒಣಗಿದ ಖರ್ಜೂರದ ಕಂದು. ಇಪ್ಪತ್ತು ಹೆಜ್ಜೆ ನಡೆದರೆ ಅಬ್ಲಾ ಅವರಿಗೆ ಏದುಸಿರು. ಹೋಟೆಲಿನವನು ಕೊಟ್ಟ ಯಾವುದೋ ಎಲೆಯ ಚಹಾ ಕುಡಿದು, ಬೆಂಚಿನಲ್ಲಿ ಕೂತು, “ಇಪ್ಪತ್ತಾರು ವರ್ಷ ಗಾಳಿ ತೆಳು ಅಂತ ಬಾಯಲ್ಲಿ ಹೇಳಿದ್ದೆ, ಈಗ ಎದೆ ಹೇಳುತ್ತಿದೆ,” ಎಂದು ನಕ್ಕರಂತೆ. ತುಟಿ ನಿಜವಾಗಿಯೂ ನೀಲಿಯಾಗಿತ್ತು. ಅದನ್ನು ನೋಡಿ ಗಂಡ ಹೆದರಿದರೆ, ಅವರು ಕನ್ನಡಿ ತರಿಸಿ ನೋಡಿಕೊಂಡು ಇನ್ನೂ ನಕ್ಕರಂತೆ.

ಏಳರಿಂದ ಹತ್ತು ಒಂದು ಓಣಿ. ಹಳೆಯ ರಾಜರ ಕಾಲದ ಗೋಡೆ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದು. ಅದರಲ್ಲಿ ಒಂದು ಕಲ್ಲಿಗೆ ಹನ್ನೆರಡು ಮೂಲೆ. ಅಬ್ದುಲ್ ಸಲಾಂ ವಿಮಾನದ ಬೋರ್ಡಿಂಗ್ ಪಾಸಿನ ಅಂಚನ್ನು ಸಂದಿಗೆ ತುರುಕಲು ನೋಡಿದರು. ಹೋಗಲಿಲ್ಲ. ಅಬ್ಲಾ ಮಾತ್ರ ಕಣ್ಣು ಮುಚ್ಚಿ ಆ ಹನ್ನೆರಡು ಮೂಲೆಗಳನ್ನೂ ಬೆರಳಿನಿಂದ ಸವರಿ ಎಣಿಸಿದರು. “ಯಾಕೆ ಕಣ್ಣು ಮುಚ್ಚಿದಿ ಅಂತ ಕೇಳಿದೆ. ಅಭ್ಯಾಸ ಮಾಡುತ್ತಿದ್ದೇನೆ ಎಂದಳು.” ಉಮ್ಮರ್ ಕುಂಞಿ ಗುಂಡಿಗಳ ಮೇಲಿನ ಧೂಳು ಒರೆಸುತ್ತ ಅಬ್ದುಲ್ ಸಲಾಂ ಮತ್ತೆ ಮಾತಾಡುವವರೆಗೆ ಕಾದ.

ಆಮೇಲೆ ಸೂರ್ಯನ ಗುಡಿಯಿದ್ದ ಜಾಗ, ಅದರ ಗೋಡೆಯ ಮೇಲೆಯೇ ಎಬ್ಬಿಸಿದ ಇಗರ್ಜಿ. ಆಮೇಲೆ ಸಂತೆ. ಗುಂಡು ಟೊಪ್ಪಿಯ ಹೆಂಗಸರು, ಎರಡು ಜಡೆ, ಬೆನ್ನಿನ ಗಂಟಿನಲ್ಲಿ ಮಗು. ಬಟಾಟೆ ನಿಜಕ್ಕೂ ನೇರಳೆಯೇ. ಕೆಂಪಿನದೂ ಇತ್ತು, ಕಪ್ಪಿನದೂ ಇತ್ತು.

“ನೇರಳೆ ಬಟಾಟೆಯಾ?” ಉಮ್ಮರ್ ಕುಂಞಿ ಬಾಯಿ ತೆರೆದ.

“ಬೇಯಿಸಿದರೂ ನೇರಳೆ. ನಾನು ತಿಂದವನು.”

ಕೆಂಪು ಶಾಲು ಅಲ್ಲಿ ಕೊಂಡದ್ದು. ಆ ಕೆಂಪು ಯಾವುದೆಂದು ಹೇಳಲು ಅಬ್ದುಲ್ ಸಲಾಂ ಒದ್ದಾಡಿದರು. ಕೊನೆಗೆ, ದಾಳಿಂಬೆಯ ಸಿಪ್ಪೆಯದಲ್ಲ, ಒಳಗಿನ ಕಾಳಿನದು ಎಂದರು. ಉಮ್ಮರ್ ಕುಂಞಿಗೆ ಅದು ಸಾಕಾಯಿತು. ಶಾಲಿನ ಕೆಂಪು ಸರಿಯಾಗುವವರೆಗೆ ಮೊದಲು ಏರಿಸಿದ್ದ ಹಳದಿಯನ್ನು ಒಂದೊಂದೇ ಸ್ಟೆಪ್ ಇಳಿಸುತ್ತ ಬಂದ. ಮೂರೂ ಇಳಿದವು. ಬೆಳಕನ್ನೂ ಇಳಿಸಿದ. ಎಲ್ಲ ಗುಂಡಿಗಳೂ ಸೊನ್ನೆಗೆ ಬಂದು ನಿಂತವು. ಎಂದರೆ ಅವನ ಕೈ ಬೀಳುವ ಮೊದಲು ಫಿಲಂ ಹೇಗಿತ್ತೋ ಹಾಗೆ. ಯಂತ್ರದ ಬಾಯಿಯಿಂದ ಕಾಗದ ಹೊರಗೆ ಬಂತು. ಕೋಟೆಯ ಕಲ್ಲು, ದಾಳಿಂಬೆ ಕೆಂಪು, ಮೇಲೆ ಆ ಕಡುನೀಲಿ.

“ಇದೇ,” ಎಂದರು ಅಬ್ದುಲ್ ಸಲಾಂ.

ಬಿಸಿ ಬಿಸಿಯಾಗಿದ್ದ ಆ ಚಿತ್ರವನ್ನು ಉಮ್ಮರ್ ಕುಂಞಿ ಕೈಯಲ್ಲಿ ಹಿಡಿದೇ ನಿಂತ. ಮಳೆಗಾಲ ಮುಗಿದ ಮೇಲೆ ಒಂದು ದಿನ ಉಳ್ಳಾಲದ ಕಡಲ ಮೇಲೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ಆಚುಮ್ಮ ಅದನ್ನು ತೋರಿಸಿ, ಇಂಥ ಬಣ್ಣದ ಸೀರೆ ಬೇಕು ಎಂದಿದ್ದಳು. ಅವನು ಮರೆತೇಬಿಟ್ಟಿದ್ದ. ಬಣ್ಣವನ್ನೇ ಮರೆತವನು ಬಣ್ಣ ತಿದ್ದಲು ಕೂತಿದ್ದೆನಲ್ಲಾ ಎಂದು ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಮರುದಿನ ಅಬ್ದುಲ್ ಸಲಾಂ ಅವನನ್ನು ತಮ್ಮ ಕಾರಿನಲ್ಲೇ ಜಾಬ್ರಿಯಾದ ಮನೆಗೆ ಕರೆದುಕೊಂಡು ಹೋದರು. ಫೋಟೊ ಕೊಟ್ಟು ಕಳಿಸಿದರೆ ಸಾಲದೇ ಎಂದು ಕೇಳಿದ್ದಕ್ಕೆ, “ನನ್ನ ಮಾತು ಅವಳು ನಂಬುವುದಿಲ್ಲ. ನೀನು ಬಾ,” ಎಂದಿದ್ದರು.

ಸುಲೈಖಾ ಅಬ್ಲಾ ಕಿಟಕಿಯ ಪಕ್ಕ ದಿವಾನಿನ ಮೇಲೆ ಕೂತಿದ್ದರು. ಹೊಸ ಚಿತ್ರಗಳಲ್ಲಿ ಒಂದನ್ನು ತೆಗೆದುಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕೆಳಗಿಟ್ಟರು.

“ಇದು ನೀಲಿ ಹೌದು,” ಎಂದರು ಅರಬಿಯಲ್ಲಿ. “ಆದರೆ ಇವರು ಹೇಳಿ ಹಾಕಿಸಿದ ನೀಲಿ. ನನ್ನ ಕಣ್ಣು ಮಂಜಾಯಿತೆಂದು ಇವರು ನಿನ್ನ ಹತ್ತಿರ ಎರಡರಷ್ಟು ಬಣ್ಣ ಸುರಿಸಿದ್ದಾರೆ. ನಾನು ಮಕ್ಕಳಿಗೆ ಪರೀಕ್ಷೆ ಮಾಡಿದವಳು, ನನಗೆ ಗೊತ್ತಾಗುವುದಿಲ್ಲವೇ?”

ಅಬ್ದುಲ್ ಸಲಾಂ ಎರಡೂ ಕೈ ಚೆಲ್ಲಿದರು. ಅವರ ಮುಖ ನೋಡಿದ ಉಮ್ಮರ್ ಕುಂಞಿಗೆ, ತನ್ನನ್ನು ಏಕೆ ಕರೆತಂದರೆಂದು ತಿಳಿಯಿತು. ಫೋಟೊದಿಂದ ಆಗುವ ಕೆಲಸ ಇದಲ್ಲ. ಇಲ್ಲಿ ಒಬ್ಬನ ಕಣ್ಣು ತಪ್ಪೆಂದು ಸಾಬೀತಾಗಬೇಕು. ಅಬ್ಲಾ ಅವರದ್ದಲ್ಲದಿದ್ದರೆ ಅವನದ್ದು. ಹವಲ್ಲಿಯಿಂದ ಮಿರ್ಕಾಬಿನವರೆಗೆ ಹೆಸರಾದ ಆ ಕಣ್ಣು.

ತನ್ನ ಅಂಗಡಿಯ ಅರಬಿಯಲ್ಲಿ ಪದಗಳನ್ನು ಹುಡುಕಿ ಹುಡುಕಿ ಹೇಳಿದ. “ಅಬ್ಲಾ, ಸುಳ್ಳು ಇದಲ್ಲ. ಸುಳ್ಳು ಮೊದಲಿನದ್ದು. ನಾನು ಮಾಡಿದ್ದು. ಈ ಕೈ. ಅಂಥ ಆಕಾಶ ನಾನು ನೋಡಿರಲಿಲ್ಲ, ಅದಕ್ಕೆ ತಪ್ಪೆಂದು ಅಳಿಸಿದೆ. ನಿಮ್ಮ ಕಣ್ಣು ಸರಿ. ನನ್ನ ಕಣ್ಣು ತಪ್ಪು.”

ಕೊನೆಯ ಎರಡು ಮಾತನ್ನು ಅವನು ಅಲ್ಲಿಯವರೆಗೆ ಯಾವ ಭಾಷೆಯಲ್ಲಿಯೂ ಆಡಿದವನಲ್ಲ.

ಅಬ್ಲಾ ಅವನನ್ನೇ ನೋಡಿದರು. ಆಮೇಲೆ ಟೀಚರ ದನಿಯಲ್ಲಿ ಗಂಡನಿಗೆ, “ನೀವು ಗೋಡೆಗೆ ಮುಖ ಮಾಡಿ ಕೂತುಕೊಳ್ಳಿ,” ಎಂದರು. ಅಬ್ದುಲ್ ಸಲಾಂ ವಿಧೇಯ ವಿದ್ಯಾರ್ಥಿಯಾಗಿ ಗೋಡೆಗೆ ತಿರುಗಿದರು. ಉಮ್ಮರ್ ಕುಂಞಿಗೆ ಹೇಳಿದರು, “ಹಳೆಯದು, ಹೊಸದು ಎರಡನ್ನೂ ಬೆರೆಸು. ಒಂದೊಂದೇ ಕೊಡು.”

ಎಪ್ಪತ್ತೆರಡು ಚಿತ್ರಗಳನ್ನು ಅವನು ಇಸ್ಪೀಟಿನಂತೆ ಕಲೆಸಿದ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ನೀಲಿಯದನ್ನು ಬಲಕ್ಕೆ, ಧೂಳಿನದನ್ನು ಎಡಕ್ಕೆ ಇಡುತ್ತ ಹೋದರು. ಮೊದಲು ನಿಧಾನ. ಹತ್ತಾಯಿತು. ಇಪ್ಪತ್ತಾಯಿತು. ಒಂದೂ ತಪ್ಪಲಿಲ್ಲ. ನಲವತ್ತರ ಹೊತ್ತಿಗೆ ಬೇಗ ಬೇಗ ಇಡತೊಡಗಿದರು. ಓಣಿಯ ಒಂದು ಚಿತ್ರ ಬಂದಾಗ ಮಾತ್ರ ನಿಂತರು.

“ಇದರಲ್ಲಿ ಬರೀ ಗೋಡೆ, ಆಕಾಶವೇ ಇಲ್ಲ,” ಎಂದರು ಅಬ್ಲಾ. “ನನಗೇ ಪರೀಕ್ಷೆ ಮಾಡುತ್ತೀಯಾ?”

ಗೋಡೆಗೆ ಮುಖ ಮಾಡಿ ಕೂತವರ ಭುಜ ಕುಲುಕಿತು. ನಗುವೋ ಅಳುವೋ ಗೊತ್ತಾಗಲಿಲ್ಲ. ಕೊನೆಯ ಚಿತ್ರ ಬಲಕ್ಕೆ ಬಿದ್ದ ಮೇಲೆ ಅಬ್ಲಾ ತಮ್ಮ ಎಡಗಣ್ಣನ್ನು ಅಂಗೈಯಿಂದ ಒಮ್ಮೆ ಮುಚ್ಚಿ, ತೆಗೆದು, “ಶನಿವಾರ ಎಷ್ಟು ಗಂಟೆಗೆ ಹೋಗಬೇಕು?” ಎಂದು ಕೇಳಿದರು.

ಆಪರೇಷನ್ ಆಯಿತು. ಆ ಕಣ್ಣು ಇನ್ನೂ ಒಂಬತ್ತು ವರ್ಷ ಲೋಕ ನೋಡಿತು. ಪ್ರತಿ ಜುಲೈಯಲ್ಲಿ ಅಬ್ದುಲ್ ಸಲಾಂ ಅಂಗಡಿಗೆ ಬಂದು, ಮೂವತ್ತಾರನೆಯ ಚಿತ್ರವನ್ನು ಮತ್ತೆ ಪ್ರಿಂಟ್ ಮಾಡಿಸುತ್ತಿದ್ದರು. ಬೆಟ್ಟದ ತುದಿ, ಕೆಳಗೆ ಹಂಚಿನ ಮಾಡುಗಳ ಊರು, ಗಂಡಹೆಂಡತಿ ಇಬ್ಬರೂ ಇರುವ ಒಂದೇ ಚಿತ್ರ. ನೆಪಕ್ಕೆ ಒಂದು ಪ್ರಿಂಟು. ನಿಜಕ್ಕೆ ಸ್ಟೂಲಿನ ಮೇಲೆ ಕೂತು ಆ ದಿನವನ್ನು ಇನ್ನೊಮ್ಮೆ ಹೇಳಲಿಕ್ಕೆ. ಉಮ್ಮರ್ ಕುಂಞಿ ಚಹಾ ತರಿಸಿ ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದ. ನೆಗೆಟಿವನ್ನು ಅವರು ಅವನ ಬಳಿಯೇ ಬಿಟ್ಟಿದ್ದರು.

ಜಾಬ್ರಿಯಾದಿಂದ ಮರಳಿದ ದಿನವೇ ಅವನು ಇನ್ನೊಂದು ಕೆಲಸವನ್ನೂ ಮಾಡಿದ. ಆಚುಮ್ಮನ ಹಳೆಯ ನೆಗೆಟಿವ್‌ಗಳನ್ನೆಲ್ಲ ಹುಡುಕಿ, ಗುಂಡಿಗಳನ್ನು ಸೊನ್ನೆಗೆ ತಂದು, ಇದ್ದದ್ದು ಇದ್ದ ಹಾಗೆ ಪ್ರಿಂಟ್ ಮಾಡಿದ. ಅಡುಗೆಮನೆಯ ಹೊಗೆ, ಮೂರು ಹೆರಿಗೆ, ಒಂಟಿಯಾಗಿ ಕಳೆದ ವರ್ಷಗಳು ಎಲ್ಲ ಮುಖದಲ್ಲಿದ್ದವು. ಚಂದವೇ ಇದ್ದಳು. ಅವುಗಳಲ್ಲಿ ಒಂದನ್ನು ಯಂತ್ರದ ಮೇಲೆ ಅಂಟಿಸಿದ. ಮರುವರ್ಷ ರಜೆಯಲ್ಲಿ ಊರಿಗೆ ಹೋದಾಗ ಬಾಗಿಲಲ್ಲಿ ನಿಂತಿದ್ದವಳು ತನ್ನ ಹೆಂಡತಿಯೇ ಎಂದು ಉಮ್ಮರ್ ಕುಂಞಿಗೆ ದೂರದಿಂದಲೇ ಗೊತ್ತಾಯಿತು.

ಆಮೇಲೆ ಫಿಲಂ ಹೋಯಿತು. ಎಲ್ಲರ ಕೈಗೂ ಮೊಬೈಲ್ ಬಂತು. ಸೈಮನ್ ಬಜಪೆಗೆ ಮರಳಿದ. ಎರಡು ಸಾವಿರದ ಹನ್ನೆರಡರ ಡಿಸೆಂಬರಿನಲ್ಲಿ ಯಂತ್ರವನ್ನು ಬಿಚ್ಚಿ ಗುಜರಿಯವರು ಒಯ್ದರು. ಅದು ನಿಂತಿದ್ದ ಜಾಗದಲ್ಲಿ ಟೈಲ್ಸ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಸ್ಟೂಲು ಎಳೆದು ಕೂತ ದಿನ ನೆನಪಾಗಿ ಉಮ್ಮರ್ ಕುಂಞಿ ಆ ಹೊಳಪಿನ ಮೇಲೆ ಹೋಗಿ ನಿಂತ. ಇಕಾಮಾ ರದ್ದಾಗಿತ್ತು, ಟಿಕೆಟ್ ಬಂದಿತ್ತು. ಹೋಗುವ ಮೊದಲು ಒಂದೇ ಒಂದು ಮನೆಗೆ ಹೋಗಬೇಕಿತ್ತು.

ಅಬ್ದುಲ್ ಸಲಾಂ ತೀರಿಕೊಂಡು ಎರಡು ವರ್ಷವಾಗಿತ್ತು. ಸುಲೈಖಾ ಅಬ್ಲಾ ಅದೇ ಕಿಟಕಿಯ ಪಕ್ಕ, ಅದೇ ದಿವಾನಿನ ಮೇಲೆ. ಕಣ್ಣು ಈಗ ಎರಡೂ ಇಲ್ಲ. ಹೆಗಲ ಮೇಲೆ ಆ ಶಾಲು. ಒಗೆದು ಒಗೆದು ಕೆಂಪು ಮಾಸಿದ್ದು ಅವರಿಗೆ ಗೊತ್ತಿರಲಿಲ್ಲ.

“ನೆಗೆಟಿವ್ ತಂದಿದ್ದೇನೆ, ಅಬ್ಲಾ. ನಾನು ಹೋಗುತ್ತಿದ್ದೇನೆ. ನಿಮ್ಮದು ನಿಮ್ಮ ಹತ್ತಿರ ಇರಲಿ.”

“ನನಗೆ ಅದು ಯಾಕೆ?” ಎಂದರು ಅವರು. ಆಮೇಲೆ, “ನಿನಗೆ ಅದನ್ನು ಓದಲಿಕ್ಕೆ ಬರುತ್ತದಂತೆ. ಅವರು ಹೇಳುತ್ತಿದ್ದರು. ಓದು,” ಎಂದರು.

ಉಮ್ಮರ್ ಕುಂಞಿ ಫಿಲಮಿನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಪ್ಪು ಮುಖಗಳು, ಬಿಳಿ ಕೋಟು, ಕಿತ್ತಳೆ ಆಕಾಶ. ಅವನ ಕಣ್ಣಿನಲ್ಲಿ ಅವು ನೆಟ್ಟಗಾದವು. ಬೆಳಿಗ್ಗೆ ಒಂಬತ್ತು ಗಂಟೆಯಿಂದ ಶುರು ಮಾಡಿದ. ಚೌಕ, ಎರಡು ಗೋಪುರ, ನೆರಳಿನ ಚಳಿ. ಹನ್ನೆರಡು ಮೂಲೆಯ ಕಲ್ಲು ಬಂದಾಗ ಅಬ್ಲಾ ಅವರ ಬೆರಳು ದಿವಾನಿನ ಬಟ್ಟೆಯ ಮೇಲೆ ತಾನಾಗಿ ಆಡಿತು. ಸಂತೆಯಲ್ಲಿ ಅವನು, ಮೂರು ಹೆಂಗಸರು ಬಟಾಟೆ ಮಾರುತ್ತಿದ್ದಾರೆ ಎಂದ. ನಾಲ್ಕು, ಎಂದು ಅವರು ತಿದ್ದಿದರು. ಒಬ್ಬಳು ಬಗ್ಗಿದ್ದಾಳೆ, ಟೊಪ್ಪಿ ನೋಡು. ನೋಡಿದ. ಹೌದು, ನಾಲ್ಕು. ಹದಿನೈದು ವರ್ಷದಲ್ಲಿ ಆ ನಾಲ್ಕನೆಯವಳು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಕೊನೆಗೆ ಬೆಟ್ಟದ ತುದಿ. ಇಬ್ಬರೂ ನಿಂತಿದ್ದಾರೆ. ನೀವು ಅವರ ತೋಳು ಹಿಡಿದಿದ್ದೀರಿ ಎಂದ.

“ಆಕಾಶ?”

“ನೀಲಿ. ನಾನು ಕೈ ಹಾಕಿಲ್ಲ, ಅಬ್ಲಾ.”

ಕೆಲಸದವಳು ಚಹಾ ತಂದಿಟ್ಟಳು. ಅವನು ಕುಡಿದು, ಪಟ್ಟಿಗಳನ್ನು ಕವರಿಗೆ ಹಾಕಿ ಅವರ ಮಡಿಲಲ್ಲಿಟ್ಟು, ಸಲಾಂ ಹೇಳಿ ಎದ್ದ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದರು.

“ಇವತ್ತು ಹೊರಗೆ ಆಕಾಶ ಹೇಗಿದೆ?”

ಅವನು ಕಿಟಕಿಯಾಚೆ ನೋಡಿದ. ಹೋಗುವ ಹೊತ್ತಿನಲ್ಲಿ ಮುದುಕಿಗೆ ಒಂದು ಒಳ್ಳೆಯ ಮಾತು ಹೇಳಿ ಹೋಗೋಣವೆಂದು ‘ನೀಲಿ’ ಎಂಬುದು ನಾಲಿಗೆಯ ತುದಿಗೆ ಬಂತು.

“ಧೂಳು, ಅಬ್ಲಾ,” ಎಂದ. “ಬಿಳಿಚಿಕೊಂಡಿದೆ. ಬಣ್ಣವೇ ಇಲ್ಲ.”

ಅಬ್ಲಾ ತಲೆಯಾಡಿಸಿ ನಕ್ಕರು. ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಹಾಗಾದರೆ ಆ ನೀಲಿಯೂ ನಿಜ,” ಎಂದರು.